ನನಗಿಂತ ಮೊದಲಿನ ನಾನು

ಯಾರಾದರೂ ಹೆಸರು ಹಿಡಿದು ಕರೆದರೆ ನಾನು ಮೊದಲ ಸಲಕ್ಕೆ ತಿರುಗಿ ನೋಡುವುದಿಲ್ಲ. ಎರಡನೆಯ ಸಲಕ್ಕೆ ನೋಡುತ್ತೇನೆ. ಇದು ಗರ್ವವೂ ಅಲ್ಲ, ಕಿವುಡೂ ಅಲ್ಲ. ಆದರೆ ಹೆಗ್ಗಡದೇವನಕೋಟೆಯ ತಾಲ್ಲೂಕು ಕಚೇರಿಯಲ್ಲಿ ಇವೆರಡನ್ನು ಬಿಟ್ಟು ಮೂರನೆಯ ಕಾರಣವೊಂದು ಇರಬಹುದೆಂದು ಯಾರೂ ಒಪ್ಪುವುದಿಲ್ಲ. ನಮ್ಮ ಶಿರಸ್ತೇದಾರರಂತೂ, "ಏನಯ್ಯಾ ನಂಜುಂಡಯ್ಯ, ಕಿವೀನ ಕೃಷ್ಣರಾಜನಗರದಲ್ಲೇ ಬಿಟ್ಟು ಬಂದಿದ್ದೀಯೋ, ಇಲ್ಲಾ ನಮ್ಮ ಕೋಟೆ ಚಳಿಜ್ವರ ತಿಂದ್ಕೊಂಡು ಹೋಯ್ತೋ?" ಎಂದು ಕೇಳುತ್ತಾರೆ. ಕ್ವಿನೈನ್ ನುಂಗಿ ನುಂಗಿ ಅರ್ಧ ಕಚೇರಿಗೇ ಕಿವಿಯಲ್ಲಿ ಗುಂಯ್‌ಗುಡುವ ಊರು ಇದು. ಆದ್ದರಿಂದ ಅವರ ಎರಡನೆಯ ಊಹೆಗೆ ನಾನು ಸುಮ್ಮನೆ ತಲೆಯಾಡಿಸುತ್ತೇನೆ. ನಿಜವಾದ ಕಾರಣ ಹೇಳಬೇಕೆಂದರೆ ನಾನು ಹುಟ್ಟುವುದಕ್ಕಿಂತ ಹಿಂದಿನಿಂದ ಶುರು ಮಾಡಬೇಕಾಗುತ್ತದೆ. ಕಚೇರಿಯ ಹೊತ್ತಿನಲ್ಲಿ ಅಷ್ಟು ಹಿಂದಕ್ಕೆ ಹೋಗಲು ಯಾರು ಬಿಡುತ್ತಾರೆ? ನಿಮಗೆ ಪುರಸೊತ್ತಿದ್ದರೆ ಹೇಳುತ್ತೇನೆ.

ಕೃಷ್ಣರಾಜನಗರದ ಪಕ್ಕದ ನಮ್ಮೂರ ಮನೆಯಲ್ಲಿ ನಂಜುಂಡ ಎಂಬ ಹೆಸರಿನವರು ಇಬ್ಬರು. ಒಬ್ಬ ನಾನು. ಇನ್ನೊಬ್ಬ ನನ್ನ ಅಣ್ಣ. ನಾನು ಹುಟ್ಟುವ ಹಿಂದಿನ ವರ್ಷ, ಐದು ವರ್ಷದವನಾಗಿದ್ದಾಗ, ಊರ ಪಕ್ಕದ ನಾಲೆಯಲ್ಲಿ ಬಿದ್ದು ಸತ್ತವನು. ಅವನನ್ನು ಮಣ್ಣು ಮಾಡುವ ಮುಂಚೆ ನಮ್ಮಜ್ಜಿ ದೀಪದ ಮಸಿಯನ್ನು ಹೆಬ್ಬೆರಳಿಗೆ ಹಚ್ಚಿಕೊಂಡು ಅವನ ಎಡಗಾಲಿನ ಮೀನಖಂಡಕ್ಕೆ ಒತ್ತಿದಳಂತೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಹೀಗೆ ಮಾಡುತ್ತಾರೆ. ಸತ್ತ ಮಗು ಅದೇ ಹೊಟ್ಟೆಗೆ ತಿರುಗಿ ಬಂದರೆ ಗುರುತು ಸಿಗಲಿ ಎಂದು. ಮರುವರ್ಷ ನಾನು ಹುಟ್ಟಿದೆ. ನನ್ನ ಎಡಗಾಲಿನ ಮೀನಖಂಡದಲ್ಲಿ, ಅಜ್ಜಿಯ ಹೆಬ್ಬೆರಳಿನಷ್ಟೇ ಅಗಲದ ಕಪ್ಪು ಮಚ್ಚೆ ಇತ್ತು. ಅಲ್ಲಿಗೆ ನನಗೆ ಹೆಸರು ಹುಡುಕುವ ಕೆಲಸ ತಪ್ಪಿತು. ಹೆಸರೊಂದೇ ಅಲ್ಲ, ಅವನ ಬೆಳ್ಳಿ ಉಡಿದಾರ, ಅವನ ಚಾಪೆ, ಅವನ ಸ್ವಭಾವ ಎಲ್ಲವೂ ಸಿದ್ಧವಾಗಿಯೇ ಇದ್ದವು. ನಾನು ಬಂದು ಒಳಗೆ ಕೂತುಕೊಳ್ಳುವುದಷ್ಟೇ ಬಾಕಿ.

ಪುನರ್ಜನ್ಮ ಎಂದರೆ ದೊಡ್ಡ ಭಾಗ್ಯ ಎಂದು ನೀವು ಭಾವಿಸಿದ್ದರೆ ನಮ್ಮ ಪಕ್ಕದ ಮನೆಯ ಸಾಕಮ್ಮನನ್ನು ಕೇಳಬೇಕಿತ್ತು. ನಾನು ಅವರ ಅಂಗಳಕ್ಕೆ ಕಾಲಿಟ್ಟರೆ ಸಾಕು, ಆಕೆ ಕೋಳಿಮರಿಗಳನ್ನು ಪಂಜರದ ಕೆಳಗೆ ಅಟ್ಟುತ್ತಿದ್ದಳು.

"ಬ್ಯಾಡ ಕಣಪ್ಪ ನಿನ್ನ ಸವಾಸ. ಆವತ್ತು ನನ್ನ ಎರಡು ಮರೀನ ನೀರಿನ ಬಾನಿಗೆ ಅದ್ದಿ ಸಾಯಿಸಿದ್ದೆ."

"ನಾನಾಗ ಉಟ್ಟೇ ಇರ್ಲಿಲ್ಲ ಕಣಮ್ಮೋ!"

"ಉಟ್ಟಿದ್ದೆ ಬುಡು. ಅದೂ ಒಂದು ಉಟ್ಟೇ ತಾನೆ."

ಇದಕ್ಕೆ ಯಾವ ವಕೀಲ ಉತ್ತರ ಕೊಟ್ಟಾನು? ನಾನು ಮಾಡದ ತಪ್ಪುಗಳಿಗೆಲ್ಲ ನನಗೆ ಜವಾಬ್ದಾರಿ. ನಾನು ಮಾಡದ ಒಳ್ಳೆಯ ಕೆಲಸಗಳ ಹೊಗಳಿಕೆ ಮಾತ್ರ ನನ್ನ ಪಾಲಿಗೆ ಬರುತ್ತಿರಲಿಲ್ಲ. ಅದನ್ನು ನನ್ನ ವಿರುದ್ಧವೇ ತಿರುಗಿಸುತ್ತಿದ್ದರು. "ಆಗ ಎಷ್ಟು ಚೆಂದ ಪದ ಏಳ್ತಿದ್ದೆ, ಈಗೇನಾಯ್ತೋ ಗಂಟ್ಲಿಗೆ" ಎಂದು ಅವ್ವ ಹೇಳುವಳು. "ಆಗ ಕೆಂಪಗಿದ್ದೆ" ಎಂದು ಅತ್ತೆ ಹೇಳುವಳು. ಅಣ್ಣನಿಗಿಂತ ತಮ್ಮ ದಡ್ಡ ಎನ್ನಿಸಿಕೊಂಡವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ತನಗಿಂತ ತಾನೇ ದಡ್ಡ ಎನ್ನಿಸಿಕೊಂಡವನು ನನ್ನ ಹಾಗೆ ಇನ್ನೊಬ್ಬನಿದ್ದರೆ ಅವನ ವಿಳಾಸ ನನಗೆ ಬೇಕು.

ತಿನ್ನುವ ವಿಚಾರವೂ ಹಾಗೆಯೇ. ಅಣ್ಣನಿಗೆ ಎಳ್ಳಿನ ಚಿಗಳಿ ಎಂದರೆ ಪ್ರಾಣವಂತೆ. ನನಗೆ ಎಳ್ಳು ಹಲ್ಲಿಗೆ ಸಿಕ್ಕಿದರೆ ಮೈ ಜುಮ್ಮೆನ್ನುತ್ತದೆ. ನಾನು ಮೈಸೂರಿನಲ್ಲಿ ವಿದ್ಯಾರ್ಥಿನಿಲಯದಲ್ಲಿದ್ದಷ್ಟು ದಿನವೂ ಅವ್ವ ಊರಿನಿಂದ ಬರುವವರ ಕೈಯಲ್ಲಿ ಡಬ್ಬಿಯ ತುಂಬ ಚಿಗಳಿ ಕಳಿಸುತ್ತಿದ್ದಳು. ಕೋಣೆಯ ಹುಡುಗರು ಅದನ್ನು ತಿಂದು ಕೊಬ್ಬಿದರು. ರಜಕ್ಕೆ ಹೋದಾಗ ಒಮ್ಮೆ ಧೈರ್ಯ ಮಾಡಿ, "ಅವ್ವ, ನಂಗೆ ಚಿಗಳಿ ಸೇರಾಕಿಲ್ಲ" ಎಂದೆ. ಅವ್ವ ನಕ್ಕಳು. "ಸುಮ್ಕಿರ್ಲಾ, ನಿಂಗೇನು ಇಷ್ಟ ಅಂತ ನಂಗೆ ಗೊತ್ತಿಲ್ವಾ?" ಎಂದಳು. ಸಿಟ್ಟಿನಿಂದ ಹೇಳಿದ್ದರೆ ವಾದಿಸಬಹುದಿತ್ತು. ಅಷ್ಟು ಪ್ರೀತಿಯಿಂದ ಹೇಳಿದರೆ ತಿನ್ನುವುದೊಂದೇ ದಾರಿ.

ನಾಲೆಯ ಕಡೆಗಂತೂ ನನ್ನನ್ನು ಬಿಡುತ್ತಲೇ ಇರಲಿಲ್ಲ. ನಮ್ಮೂರಿನಲ್ಲಿ ಎಮ್ಮೆಗಳಿಗೂ ಈಜು ಬರುತ್ತದೆ, ನನಗೆ ಬರುವುದಿಲ್ಲ. ಮೀಸೆ ಚಿಗುರುವ ವಯಸ್ಸಿನಲ್ಲೂ ಹಿತ್ತಲ ಬಚ್ಚಲಲ್ಲಿ ಅವ್ವನ ಕಣ್ಣೆದುರೇ ಸ್ನಾನ. ಜೊತೆಯ ಹುಡುಗರು ಬೇಲಿಯ ಆಚೆಯಿಂದ, "ಲೇ ನಂಜ, ಚೊಂಬಿನಲ್ಲಿ ಮುಳುಗೀಯಾ ಕಣ್ಲಾ, ಉಷಾರು!" ಎಂದು ಕೂಗಿಕೊಂಡು ನಾಲೆಗೆ ಓಡುತ್ತಿದ್ದರು.

ಶಾಲೆಗೆ ಸೇರಿಸಿದ ದಿನದ ಕಥೆಯನ್ನು ಅಪ್ಪ ಬದುಕಿರುವವರೆಗೂ ಹೆಮ್ಮೆಯಿಂದ ಹೇಳುತ್ತಿದ್ದ. ಮೇಷ್ಟರು, "ಮಗನ ವಯಸ್ಸೆಷ್ಟು ಗೌಡ್ರೆ?" ಎಂದು ಕೇಳಿದರಂತೆ. ಅಪ್ಪ ಸುಳ್ಳು ಹೇಳುವ ಮನುಷ್ಯನಲ್ಲ. ನಂಜುಂಡ ಮೊದಲ ಸಲ ಹುಟ್ಟಿದಲ್ಲಿಂದ ಲೆಕ್ಕ ಹಾಕಿ, "ಅನ್ನೆರಡು" ಎಂದ. ಮೇಷ್ಟರು ಬೆಂಚಿನ ಮೇಲೆ ಕಾಲು ಇಳಿಬಿಟ್ಟುಕೊಂಡು ಕೂತಿದ್ದ ನನ್ನನ್ನು ನೋಡಿದರು. ನನ್ನ ಕಾಲು ನೆಲ ಮುಟ್ಟುತ್ತಿರಲಿಲ್ಲ.

"ಇವನಿಗೆ ಹನ್ನೆರಡು ಅಂದ್ರೆ ನನಗೆ ನೂರಾಗಬೇಕು ಕಣ್ರೀ."

"ನಡುವೆ ಒಂದಷ್ಟು ದಿನ ಇರ್ಲಿಲ್ಲ ಸ್ವಾಮಿ ಅವ್ನು" ಎಂದ ಅಪ್ಪ.

ಕೊನೆಗೆ ಇಬ್ಬರೂ ಸಂತೆಯಲ್ಲಿ ಹೋರಿ ವ್ಯಾಪಾರ ಮಾಡಿದ ಹಾಗೆ ಚೌಕಾಸಿ ಮಾಡಿ ಒಂಬತ್ತಕ್ಕೆ ನಿಲ್ಲಿಸಿದರು. ನನಗಾಗ ಆರು. ಹೀಗಾಗಿ ನಾನು ಸರ್ಕಾರಿ ಕೆಲಸದಿಂದ ಮೂರು ವರ್ಷ ಮುಂಚೆಯೇ ನಿವೃತ್ತನಾಗಬೇಕು. ಆ ಮೂರು ವರ್ಷ ಅಣ್ಣನ ಪಾಲು.

ನಾನು ದಿನಚರಿ ಬರೆಯುವುದನ್ನು ಕಂಡು ಕಚೇರಿಯವರು ನಗುತ್ತಾರೆ. ಎಷ್ಟು ಹೊತ್ತಿಗೆ ಎದ್ದೆ, ಏನು ತಿಂದೆ, ಮಳೆ ಬಂತೇ, ಯಾರ ಜೊತೆ ಮಾತಾಡಿದೆ, ಹೊಸ ಚಪ್ಪಲಿ ಎಷ್ಟು ದಿನಕ್ಕೆ ಕಿತ್ತಿತು, ಎಲ್ಲವೂ ತಾರೀಖಿನೊಂದಿಗೆ ಅದರಲ್ಲಿದೆ. ಗಾಂಧಿಯವರ ಸತ್ಯಾಗ್ರಹದ ಸುದ್ದಿಗೆ ಒಂದು ಸಾಲು, ನನ್ನ ಹಲ್ಲುನೋವಿಗೆ ಅರ್ಧ ಪುಟ. ನಗುವವರು ನಗಲಿ. ತಾರೀಖು ಹಾಕಿ ಬರೆದಿಟ್ಟರೆ ಅದು ನಾನೇ ಮಾಡಿದ್ದು, ಇನ್ನೊಬ್ಬನದಲ್ಲ ಎಂಬ ಒಂದು ಸಮಾಧಾನ. ಹನ್ನೊಂದನೆಯ ವಯಸ್ಸಿನಲ್ಲಿ, ಶಾಲೆಯ ಲೆಕ್ಕದಲ್ಲಿ ಹದಿನಾಲ್ಕು, ಮೊದಲ ಪುಟದಲ್ಲಿ ಬರೆದ ಮೊದಲ ವಾಕ್ಯ ಇದು: "ಇವತ್ತು ನಾನು ಹುಣಸೂರಿಗೆ ಹೋಗಿ ಮರದ ಮಿಲ್ಲು ನೋಡಿದೆ. ಅಣ್ಣ ನೋಡಿಲ್ಲ."

ಆದರೆ ನೆನಪು ದಿನಚರಿಯ ಮಾತು ಕೇಳುವುದಿಲ್ಲ. ಈ ವಿಷಯವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ನನಗೇ ಪೂರ್ತಿ ಅರ್ಥವಾಗಿಲ್ಲ. ನನಗೆ ನಾಲೆಯಲ್ಲಿ ಮುಳುಗಿದ ನೆನಪಿದೆ. ನೀರಿನೊಳಗಿನ ಹಸಿರು ಬೆಳಕು, ಮೂಗಿನೊಳಗೆ ಉರಿ, ಮೇಲೆ ಯಾರದೋ ಕಾಲು, ಕೈಗೆ ಸಿಕ್ಕಿ ಜಾರಿಹೋದ ಪಾಚಿ, ಎಲ್ಲವೂ ನಿನ್ನೆಯ ಊಟದಷ್ಟು ಸ್ಪಷ್ಟವಾಗಿ ಇದೆ. ಇದು ಕೇಳಿ ಕೇಳಿ ಕಟ್ಟಿಕೊಂಡದ್ದು ಎಂದು ನನಗೆ ಗೊತ್ತು. ಸಂಜೆ ಹೆಂಗಸರು ಜಗಲಿಯಲ್ಲಿ ಕೂತು ಆ ದಿನವನ್ನು ಅದೆಷ್ಟು ಸಲ ಹೇಳಿಕೊಂಡು ಅತ್ತಿಲ್ಲ! ನನಗೆ ಗೊತ್ತು, ಆದರೆ ನನ್ನ ನೆನಪಿಗೆ ಗೊತ್ತಿಲ್ಲ. ಅದು ಈಗಲೂ ನೀರು ಕಂಡರೆ ಉಸಿರು ಬಿಗಿಹಿಡಿಯುತ್ತದೆ. ಹಾಗಾದರೆ ನಾನು ಎಂದರೆ ಯಾರು? ನೆನಪು ಇರುವವನೋ? ಅದು ಸುಳ್ಳು ಎಂದು ತಿಳಿದವನೋ? ಮೈಸೂರಿನಲ್ಲಿ ಒಬ್ಬ ವೇದಾಂತದ ಪಂಡಿತರನ್ನು ಕೇಳಿದೆ. ದೇಹ ನೀನಲ್ಲ, ಮನಸ್ಸು ನೀನಲ್ಲ, ಹೆಸರು ನೀನಲ್ಲ ಎಂದರು. ಇದರಲ್ಲಿ ಹೊಸದೇನೂ ಇರಲಿಲ್ಲ. ನಮ್ಮ ಮನೆಯಲ್ಲಿ ಇದನ್ನು ನನಗೆ ಮೊದಲೇ ಕಲಿಸಿದ್ದರು.

ಇನ್ನೊಂದು ದಿನದ ನೆನಪು ನನ್ನದೇ. ನಾನು ಏಳೆಂಟು ವರ್ಷದವನು. ಪಿರಿಯಾಪಟ್ಟಣದಿಂದ ಸೋದರತ್ತೆ ಬಂದಿದ್ದಳು. ಊಟವಾದ ಮೇಲೆ ನನ್ನನ್ನು ಪರೀಕ್ಷೆ ಮಾಡಬೇಕೆಂದು ಅವಳಿಗೆ ಅನ್ನಿಸಿತು.

"ನಿನ್ನ ಕೆಂಪು ಬುಗುರಿ ಎಲ್ಲಿ ಬಚ್ಚಿಟ್ಟಿದ್ದೆ ಹೇಳು ನೋಡಾನ."

ನಾನು ಅಟ್ಟದ ಕಡೆ ಕೈ ತೋರಿಸಿದೆ. ನಮ್ಮ ಮನೆಯಲ್ಲಿ ಕಾಣದ ಸಾಮಾನೆಲ್ಲ ಇರುವುದು ಅಟ್ಟದಲ್ಲಿಯೇ. ಮುರಿದ ನೇಗಿಲು, ಬಿರುಕುಬಿಟ್ಟ ಗುಡಾಣ, ಅಜ್ಜನ ಊರುಗೋಲು, ಎಲ್ಲ. ಬುಗುರಿ ಅಲ್ಲಿಯೇ ಸಿಕ್ಕಿತು. ಅವ್ವ ಒಲೆಯ ಮುಂದಿನಿಂದ ಓಡಿಬಂದು ನನ್ನನ್ನು ಅಪ್ಪಿಕೊಂಡಳು. ಆ ಅಪ್ಪುಗೆಯಂಥದ್ದು ನನಗೆ ಆಮೇಲೆ ಸಿಗಲಿಲ್ಲ. ಅವಳ ಸೆರಗಿನ ಹೊಗೆ, ಬೆವರು, ಮುದ್ದೆಯ ಹಿಟ್ಟು ಅಂಟಿದ ಕೈ. ನಾನು ಆ ಅಪ್ಪುಗೆಯೊಳಗೆ ನಿಂತುಕೊಂಡು, ಇವಳು ಯಾರನ್ನು ತಬ್ಬಿಕೊಂಡಿದ್ದಾಳೆ ಎಂದು ಯೋಚಿಸುತ್ತಿದ್ದೆ. ಏಳೆಂಟು ವರ್ಷದ ಹುಡುಗ ಯೋಚಿಸುವ ಮಾತೇ ಅದು? ಆದರೂ ಯೋಚಿಸಿದೆ. ಅಂದಿನಿಂದ ನನಗೆ ಬೇಕಾಗಿದ್ದದ್ದು ಒಂದೇ. ಅವ್ವ ಒಂದು ಸಲ, ಒಂದೇ ಒಂದು ಸಲ, ನನ್ನನ್ನು ನೋಡಿ ನನ್ನನ್ನೇ ಕರೆಯಬೇಕು.

ಈಗ ಹೆಸರಿನ ವಿಚಾರಕ್ಕೆ ಬರಬಹುದು. ಅವ್ವ ಮನೆಯೊಳಗಿನಿಂದ "ನಂಜುಂಡಾ" ಎಂದು ಕರೆದರೆ ಆ ದನಿಯಲ್ಲಿ ಇನ್ನೊಬ್ಬ ಬರುತ್ತಾನೇನೋ ಎಂಬ ಆಸೆ ಇರುತ್ತಿತ್ತು. ನಾನು ಹೋಗಿ ಎದುರು ನಿಂತರೆ ಅವಳ ಮುಖದಲ್ಲಿ ಏನೋ ಒಂದು ಸಣ್ಣಗೆ ಆರಿಹೋಗುತ್ತಿತ್ತು. ಹೋಗದಿದ್ದರೆ ಎರಡನೆಯ ಸಲ ಕೂಗುವಳು. ಅದು ಸಿಟ್ಟಿನ ಕೂಗು, ನನ್ನದೇ ಕೂಗು. ಅದಕ್ಕೆ ಓಡುತ್ತಿದ್ದೆ.

ಕಳೆದ ತಿಂಗಳು ಕಚೇರಿಯಲ್ಲಿ ನನ್ನ ಕೆಲಸ ಖಾಯಂ ಆಗುವ ಸಂದರ್ಭ ಬಂತು. ಅದಕ್ಕೆ ವೈದ್ಯರ ಮುಂದೆ ಹೋಗಿ ಮೈ ತೋರಿಸಬೇಕು. ವೈದ್ಯರು ನನ್ನ ಎದೆ ಬಡಿದು ನೋಡಿದರು, ನಾಲಗೆ ನೋಡಿದರು, ಹೊಟ್ಟೆ ಒತ್ತಿ ಚಳಿಜ್ವರಕ್ಕೆ ಗುಲ್ಮ ಎಷ್ಟು ಊದಿದೆ ನೋಡಿದರು. ಶಾಲೆಯ ವಯಸ್ಸು ಕೇಳಿ, "ಅಷ್ಟಾಗಿದೆಯಾ? ಮುಖ ಹೇಳಲ್ವಲ್ಲಯ್ಯ" ಎಂದರು. ಆಮೇಲೆ ಮೈಮೇಲೆ ಗುರುತು ಏನಿದೆ ಎಂದು ಕೇಳಿದರು.

"ಎಡಗಾಲಿನ ಮೀನಖಂಡದಲ್ಲಿ ಹುಟ್ಟುಮಚ್ಚೆ ಇದೆ ಸಾರ್."

ಪಂಚೆ ಎತ್ತಲು ಹೇಳಿ, ಬಗ್ಗಿ, ಬೆರಳಿನಿಂದ ಉಜ್ಜಿ ನೋಡಿದರು.

"ಹುಟ್ಟುಮಚ್ಚೆ ಅಂತ ಯಾರು ಹೇಳಿದ್ದು?"

"ಎಲ್ಲರೂ ಸಾರ್."

"ಇದು ಬರೆ ಕಣಯ್ಯ. ಚರ್ಮ ಸುಕ್ಕುಗಟ್ಟಿದೆ, ಇದರ ಮೇಲೆ ಒಂದು ಕೂದಲು ಹುಟ್ಟಿಲ್ಲ ನೋಡು. ಎಳೆಗೂಸಾಗಿದ್ದಾಗ ಯಾರೋ ಕಾಯಿಸಿ ಇಟ್ಟಿದ್ದಾರೆ. ಬಾಲಗ್ರಹ, ಹೊಟ್ಟೆನೋವು ಅಂತ ಇಡ್ತಾರಲ್ಲ, ಈ ಕಡೆ ಯಾವ ಮಗು ತೋರಿಸಿದ್ರೂ ಇರುತ್ತೆ. ಆದ್ರೆ ಅದನ್ನ ಹೊಟ್ಟೆ ಮೇಲೆ ಇಡ್ತಾರೆ. ನಿನಗೆ ಕಾಲಿಗೆ ಯಾಕಿಟ್ಟರೋ!"

ಕಾಂಪೌಂಡರು "ಎಡಗಾಲಿನಲ್ಲಿ ಸುಟ್ಟ ಕಲೆ" ಎಂದು ಬರೆದುಕೊಂಡ. ನನ್ನ ಪುನರ್ಜನ್ಮ ಅಷ್ಟಕ್ಕೆ ಮುಗಿಯಿತು. ಮುಂದಿನವನನ್ನು ಕರೆದರು.

ಶನಿವಾರ ರಜ ಹಾಕಿ ಊರಿಗೆ ಹೊರಟೆ. ಯುದ್ಧ ಶುರುವಾದಾಗಿನಿಂದ ಪೆಟ್ರೋಲು ಇಲ್ಲದೆ ಬಸ್ಸುಗಳು ಇದ್ದಿಲಿನ ಹೊಗೆಯಲ್ಲಿ ಓಡುತ್ತವೆ. ಓಡುತ್ತವೆ ಎಂಬುದು ಕಂಪನಿಯವರ ಮಾತು. ಹುಣಸೂರಿನವರೆಗೆ ಏರು ಬಂದಾಗಲೆಲ್ಲ ನಾವು ಇಳಿದು ನಡೆದೆವು; ಬಸ್ಸು ನಮ್ಮ ಹಿಂದೆ ಕೆಮ್ಮುತ್ತ ಬಂತು. ಉಳಿದವರೆಲ್ಲ ಬೈಯುತ್ತಿದ್ದರು. ನನಗೆ ಮಾತ್ರ ಖುಷಿಯೋ ಖುಷಿ. ಇಷ್ಟು ವರ್ಷ ನನ್ನೊಳಗೆ ಕೂತಿದ್ದವನನ್ನು ಒಬ್ಬ ಡಾಕ್ಟರು ಎಬ್ಬಿಸಿ ಕಳಿಸಿದ್ದಾರೆ. ಅವ್ವನಿಗೆ ಹೇಳಿದರೆ ಆಯಿತು. ಅವಳು ಅಳುತ್ತಾಳೆ. ಅಳಲಿ. ಆಮೇಲೆ ಕಣ್ಣೊರೆಸಿಕೊಂಡು ನನ್ನನ್ನು ನೋಡುತ್ತಾಳೆ. ಇಷ್ಟು ದೊಡ್ಡ ಮಗನನ್ನು ಮೊದಲ ಸಲ ನೋಡುವುದು ಅವಳಿಗೂ ಒಂದು ಸೋಜಿಗವೇ. ಹೀಗೆಲ್ಲ ಯೋಚಿಸಿಕೊಂಡು ಏರು ಹತ್ತಿದೆ.

ಅಜ್ಜಿ ಅಂಗಳದಲ್ಲಿ ಬಿಸಿಲು ಕಾಯಿಸಿಕೊಳ್ಳುತ್ತ ಕುಳಿತಿದ್ದಳು. ಕಣ್ಣು ಮಂಜಾಗಿದೆ, ನಾಲಗೆ ಇನ್ನೂ ಚುರುಕು. ಕಾಲು ತೋರಿಸಿ ಕೇಳಿದೆ. ಅವಳು ನಿರಾಕರಿಸಬಹುದೆಂದು ಡಾಕ್ಟರ ಮಾತನ್ನೆಲ್ಲ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಅದರ ಅಗತ್ಯವೇ ಬೀಳಲಿಲ್ಲ.

"ಊ ಕಣ್ಲಾ, ನಾನೇ ಇಟ್ಟಿದ್ದು. ಬಳೆಚೂರು ಕಾಯಿಸಿ."

"ಯಾಕಜ್ಜಿ?"

"ಇನ್ಯಾಕೆ? ನಿಮ್ಮವ್ವ ನಿನ್ನ ಮಖಾನೇ ನೋಡ್ನಿಲ್ಲ. ಗೋಡೆ ಕಡೀಕ್ ತಿರಿಕ್ಕೊಂಡು ಮನಗ್ಬುಟ್ಳು. ಆಲು ಕೊಡೇ ಅಂದ್ರೆ ನಂಗೆ ಅವ್ನೇ ಬೇಕು ಅಂತಾಳೆ. ನೀನು ಅಸುವಿನ ಆಲ್ಗೆ ಅದ್ದಿದ ಬತ್ತಿ ಚೀಪ್ಕಂಡು ಬಡ್ಕಲಾಗೋದೆ. ಸಾಯೋ ಕೂಸು ನೋಡ್ಕಂಡು ಸುಮ್ಕಿರಾದಾ? ಗಾಯ ಮಾಯ್ದ ಮ್ಯಾಲೆ ಎತ್ಕೊಂಡೋಗಿ ತೋರಿಸ್ದೆ. ನೋಡೇ, ಅವ್ನೇ ಬಂದವ್ನೆ, ಗುರ್ತು ನೋಡು ಅಂತ." ಅಷ್ಟು ಹೇಳಿ ನನ್ನ ಕೈ ಹಿಡಿದುಕೊಂಡಳು. "ಅವ್ಳ ಮುಂದೆ ಮಾತ್ರ ಬಾಯಿ ಬುಡಬ್ಯಾಡ ಕಣಪ್ಪ. ತಡ್ಕನಾಕಿಲ್ಲ ಅವ್ಳು."

ಅಜ್ಜಿ ನನ್ನ ಪ್ರಾಣ ಉಳಿಸಿದ್ದಳು. ನಾನು ಕೃತಜ್ಞನಾಗಬೇಕಿತ್ತು. ಆದರೆ ನನಗೆ ಬಂದ ಯೋಚನೆ, ಉಳಿಸಿದ್ದು ಯಾರ ಪ್ರಾಣ ಎಂದು. ಆ ಹೆಬ್ಬೆರಳಿನಷ್ಟು ಜಾಗವನ್ನು ಬಿಟ್ಟು ಉಳಿದ ಮೈಯೆಲ್ಲ ಅವ್ವನಿಗೆ ಬೇಡವಾಗಿತ್ತಲ್ಲ.

ಅವ್ವ ಹಿತ್ತಲ ಬಾಗಿಲ ಮೆಟ್ಟಿಲ ಮೇಲೆ ಕೂತು ಕೀರೆಸೊಪ್ಪು ಬಿಡಿಸುತ್ತಿದ್ದಳು. ಅಜ್ಜಿಯ ಮಾತು ಕಿವಿಯಲ್ಲಿ ಇನ್ನೂ ಬೆಚ್ಚಗಿತ್ತು. ಆದರೂ ಹೇಳಿದೆ. ಡಾಕ್ಟರು ಹೇಳಿದ್ದು, ಅಜ್ಜಿ ಒಪ್ಪಿಕೊಂಡದ್ದು, ಎಲ್ಲ. ಹೇಳುವಾಗ ಅವಳ ಮುಖವನ್ನೇ ನೋಡುತ್ತಿದ್ದೆ. ಅದು ಬದಲಾಗಲಿಲ್ಲ.

"ಗೊತ್ತು ಕಣ" ಎಂದಳು.

"ಏನು ಗೊತ್ತು?"

"ಬರೆ ಇಟ್ಟಿದ್ದು. ನಾನು ಮನಗಿದ್ದೆ, ಸತ್ತಿರ್ಲಿಲ್ವಲ್ಲ. ಪಕ್ಕದ ಕ್ವಾಣೇಲಿ ಕೂಸು ಕಿರುಚ್ಕಂಡಿದ್ದು ಕೇಳಿಸ್ನಿಲ್ವಾ ನಂಗೆ?"

"ಮತ್ತೆ ಅವ್ನೇ ಬಂದ ಅಂತ ಯಾಕೆ ಒಪ್ಕಂಡೆ?"

ಅವ್ವ ಒಂದು ಕಡ್ಡಿಯ ಎಲೆಗಳನ್ನೆಲ್ಲ ಬಿಡಿಸಿ ಮುಗಿಸಿದಳು. "ಎತ್ಕೊಳಾಕೆ ಒಂದು ನೆಪ ಬೇಕಿತ್ತು ಕಣಪ್ಪ. ಅವ್ನು ಅಂತ ಅಂದ್ಕಂಡೆ, ಎತ್ಕಂಡೆ. ದಿನಾ ಅಂದ್ಕಂಡು ಅಂದ್ಕಂಡು ಆಮ್ಯಾಕೆ ಅಂಗೇ ಆಗೋಯ್ತು. ಈಗ ನಂಗೂ ಬಿಡಿಸಾಕಾಗಾಕಿಲ್ಲ."

ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ಇನ್ನೂ ಕೆಟ್ಟದ್ದು, ಆಸೆ. ಅವಳಿಗೆ ಗೊತ್ತಿತ್ತಲ್ಲ! ಗೊತ್ತಿದ್ದವಳು ಎಲ್ಲೋ ಒಂದು ಮೂಲೆಯಲ್ಲಿ ನನ್ನನ್ನೂ ಬೇರೆಯಾಗಿ ಇಟ್ಟುಕೊಂಡಿರಬೇಕಲ್ಲವೇ? ಮೆಟ್ಟಿಲ ಮೇಲೆ ಅವಳ ಪಕ್ಕದಲ್ಲಿ ಕೂತೆ. ನಾನಿಲ್ಲಿ ಬರೆಯುವುದಕ್ಕೆ ನಾಚಿಕೆಯಾಗುವಷ್ಟು ಮೆಲ್ಲಗೆ ಕೇಳಿದೆ. "ಅವ್ವ, ನನ್ನ ಚಿಕ್ಕಂದಿನದು ಏನಾದ್ರೂ ಒಂದು ಹೇಳು. ಅವನದಲ್ಲ. ನನ್ನದು. ಯಾವುದಾದ್ರೂ ಸರಿ."

ಅವಳು ಸೊಪ್ಪು ಕೆಳಗಿಟ್ಟಳು. ನಿಜವಾಗಿಯೂ ಯೋಚಿಸಿದಳು, ಅದನ್ನು ನಾನು ಒಪ್ಪಲೇಬೇಕು. ಮೊದಲು ಬಾಯಿ ತೆರೆದಳು, "ದನದ ಕೊಟ್ಟಿಗೇಲಿ ಕರು ಜೊತೆ ಮನಗಿದ್ದೆಯಲ್ಲ..." ಎಂದವಳು ನಿಲ್ಲಿಸಿ, "ಊಂಹೂ, ಅದು ಅವ್ನು" ಎಂದಳು. ಮತ್ತೆ ಯೋಚಿಸಿದಳು. "ಮೈಮ್ಯಾಲೆ ಅಮ್ಮ ಎದ್ದಾಗ ಬೇವಿನ ಸೊಪ್ಪು ಕಿತ್ತೆಸೆದಿದ್ದು... ಅದೂ ಅವ್ನೇನೋ." ಹಾಗೆಯೇ ಮೂರ್ನಾಲ್ಕು ಎತ್ತಿಕೊಂಡಳು, ಮೂರ್ನಾಲ್ಕನ್ನೂ ಕೆಳಗಿಟ್ಟಳು. ಕೊಟ್ಟಿಗೆಯಲ್ಲಿ ಕರುವಿನ ಜೊತೆ ಮಲಗಿದ್ದವನು ನಾನೇ. ನನಗೆ ಅದು ಚೆನ್ನಾಗಿ ಗೊತ್ತು. ಆದರೆ ಹಾಗೆಂದು ನಾನೇ ಹೇಳಿದರೆ ಏನು ಬಂತು?

ಬಹಳ ಹೊತ್ತಾದ ಮೇಲೆ ಅವಳ ಮುಖ ಅರಳಿತು. ಹುಡುಕುತ್ತಿದ್ದದ್ದು ಕೊನೆಗೂ ಕೈಗೆ ಸಿಕ್ಕಿದವರ ಸಂತೋಷ ಅದರಲ್ಲಿತ್ತು. ನನ್ನ ಕಡೆ ತಿರುಗಿದಳು.

"ಆವತ್ತು ಬರೆ ಇಟ್ಟಾಗ ಕಿರುಚ್ಕಂಡ್ಯಲ್ಲ, ಅದು ನೀನೇ ಕಣಪ್ಪ. ಅವ್ನು ಯಾವತ್ತೂ ಅಂಗೆ ಅತ್ತೋನಲ್ಲ. ಗೋಡೆ ಕಡೀಕ್ ತಿರಿಕ್ಕಂಡಿದ್ರೂವೆ ನಂಗೆ ಗೊತ್ತಾಯ್ತು, ಇದ್ಯಾರೋ ಬ್ಯಾರೇದು ಅಂತ."

ಇನ್ನೇನಾದರೂ ಹೇಳುತ್ತಾಳೆಂದು ಕಾದೆ. ಅವಳು ಸೊಪ್ಪು ಬಿಡಿಸತೊಡಗಿದಳು.